ಬೇಸಿನ್ ಹುಣ್ಣು

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಹೆಂಗಸರಿಗೆ ಏನು ಕೆಲಸ ಮಾಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಕೈ ನೋಡಿದರೆ ಸಾಕು. ಬೆಳಗ್ಗೆ ಆರರಿಂದ ಮಧ್ಯಾಹ್ನ ಮೂರರವರೆಗೆ ಬೆಂದ ಗೂಡು ತೇಲುವ ಬೇಸಿನ್ನಿನ ಬಿಸಿನೀರಿನಲ್ಲೇ ಇರುವ ಬೆರಳುಗಳು ಬೆಳ್ಳಗೆ ಊದಿಕೊಂಡು, ಸಂದುಗಳಲ್ಲಿ ಬಿರಿದು, ಹಿಂಡಿಟ್ಟ ಬಟ್ಟೆಯ ಹಾಗೆ ಕಾಣುತ್ತವೆ. ಜ್ಯೋತಿಲಕ್ಷ್ಮಿಯ ಕೈಯೂ ಹಾಗೇ ಇತ್ತು. ಅದೇ ಕೈಯಿಂದ ಅವಳು ನಯೀಮ್ ಅವರ ಘಟಕದಲ್ಲಿ ಹದಿನಾಲ್ಕು ವರ್ಷ ಕಿಟಕಿ ಪಕ್ಕದ ಬೇಸಿನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ಬೆಂದ ಗೂಡಿನ ಎಳೆಯ ತುದಿ ಕಣ್ಣಿಗೆ ಕಾಣುವಂಥದ್ದಲ್ಲ, ಬೆರಳಿಗೆ ತಾಗಬೇಕು. ಅವಳ ಬಲಗೈ ತೋರುಬೆರಳಿಗೆ ಅದು ತಾಗುತ್ತಿತ್ತು. ಹತ್ತನೇ ತರಗತಿ ಫೇಲಾದವಳು, ಅಡುಗೆಯಲ್ಲಿ ಅಷ್ಟಕ್ಕಷ್ಟೇ ಎನ್ನಿಸಿಕೊಂಡವಳು, ‘ಇದು ನನಗೆ ಬರುತ್ತದೆ’ ಎಂದು ಎದೆ ಮುಟ್ಟಿ ಹೇಳಬಹುದಾಗಿದ್ದದ್ದು ಆ ಕೆಲಸವೊಂದನ್ನೇ.

ಗಂಡ ರಮೇಶ್‌ಬಾಬು ಬೀದಿ ಬೀದಿ ತಿರುಗಿ ಕರೆಂಟ್ ಮೀಟರ್ ಓದುವವನು. ಕುಡಿತವಿಲ್ಲ, ಹೊಡೆತವಿಲ್ಲ. ಫೋನಿನಲ್ಲಿ ವಿಡಿಯೊ ನೋಡಿ ನೋಡಿ, ನೀರೊಳಗೆ ಗಿಡ ಬೆಳೆಸುವ ಮೀನಿನ ತೊಟ್ಟಿಯ ಹುಚ್ಚು ಹತ್ತಿಸಿಕೊಂಡ. ನಡುಮನೆಗೆ ಮೂರಡಿ ಗಾಜಿನ ತೊಟ್ಟಿ ಬಂತು. ಬಂದವರಿಗೆಲ್ಲ, “ನಾನೇ ಸೆಟ್ ಮಾಡಿದ್ದು” ಎನ್ನುತ್ತಿದ್ದ. ಗಾಜನ್ನು ಮೇಜಿನ ಮೇಲಿಟ್ಟು ದೀಪ ಸಿಕ್ಕಿಸಿದ್ದು ಅವನೇ, ನಿಜ. ತಳಕ್ಕೆ ಹಾಸುವ ಮರಳನ್ನು ಕಲಕು ಹೋಗುವವರೆಗೆ ಹದಿನೇಳು ಬಕೆಟ್ ನೀರಿನಲ್ಲಿ ತೊಳೆದವಳು ಜ್ಯೋತಿಲಕ್ಷ್ಮಿ. ಅಂದಕ್ಕೆಂದು ಅವನು ಹೊಲದಿಂದ ಹೊತ್ತು ತಂದ ಹಿಪ್ಪುನೇರಳೆ ಬೊಡ್ಡೆಯನ್ನು ಬಣ್ಣ ಬಿಡುವವರೆಗೆ ಸ್ನಾನದ ಹಂಡೆಯಲ್ಲಿ ಮೂರು ದಿನ ಕುದಿಸಿದವಳೂ ಅವಳೇ. ಬೋರ್‌ವೆಲ್ ನೀರು ಗಡುಸು, ಗಿಡ ಸುಟ್ಟುಹೋಗುತ್ತದೆಂದು ವಿಡಿಯೊದಲ್ಲಿ ಹೇಳಿದ್ದರು. ಹಾಗಾಗಿ ಮೂಲೆಯ ಶುದ್ಧ ನೀರಿನ ಘಟಕದಿಂದ ಮೊದಲ ದಿನ ಎಂಟು ಕ್ಯಾನು, ಆಮೇಲೆ ವಾರಕ್ಕೆ ಮೂರು ಕ್ಯಾನು ಅವಳ ಸೊಂಟದ ಮೇಲೆ ಬಂದವು.

ಗಿಡ ನೆಡುವ ದಿನ ರಮೇಶ್‌ಬಾಬು ಫೋನ್ ಹಿಡಿದು ಪಕ್ಕದಲ್ಲಿ ನಿಂತ. ಪುಟ್ಟ ಪುಟ್ಟ ಹುಲ್ಲಿನ ಎಸಳುಗಳನ್ನು ಒಂದೊಂದಾಗಿ ಮರಳಿಗೆ ಚುಚ್ಚಬೇಕಿತ್ತು.

“ಇದನ್ನ ಚಿಮಟದಲ್ಲಿ ನೆಡ್ತಾರೆ ಕಣೇ. ನಿನ್ ಬೆರಳಿಗೆ ಚಿಮಟ ಯಾಕೆ?”

“ನಯೀಮ್ ಸಾಬ್ರಾಗಿದ್ರೆ ಕೂಲಿ ಕೊಡ್ತಿದ್ರು.”

“ಸ್ವಂತ ಮನೇಲಿ ಕೂಲಿ ಕೇಳೋಳು ನೀನೊಬ್ಳೇ ನೋಡಮ್ಮ!”

ಇಬ್ಬರೂ ನಕ್ಕರು. ಅವಳಿಗೆ ಆ ಕೆಲಸ ಬೇಸರವೇನೂ ಆಗಿರಲಿಲ್ಲ. ದಿನವಿಡೀ ಬಿಸಿನೀರಿನಲ್ಲಿ ಬೆಂದ ಕೈಗೆ ತೊಟ್ಟಿಯ ತಣ್ಣನೆಯ ನೀರು ಹಿತವಾಗಿತ್ತು. ತಿಂಗಳಲ್ಲಿ ಹುಲ್ಲು ಹಬ್ಬಿತು, ಮೀನು ಬಂದವು. ಮೂರಕ್ಕೆ ಮನೆಗೆ ಬಂದವಳು ಸೆರಗು ಸಿಕ್ಕಿಸಿ, ಮೊಣಕೈವರೆಗೆ ಕೈ ಇಳಿಬಿಟ್ಟು, ಕೊಳೆತ ಎಲೆ ಹೆಕ್ಕುತ್ತಾ ಐದು ನಿಮಿಷ ಸುಮ್ಮನೆ ನಿಂತಿರುತ್ತಿದ್ದಳು.

ತೋರುಬೆರಳಿನ ಗೆಣ್ಣಿನ ಮೇಲೆ ಕೆಂಪು ಗಂಟು ಕಾಣಿಸಿಕೊಂಡಾಗ ಪಕ್ಕದ ಬೇಸಿನ್ನಿನ ದಿಲ್ಷಾದ್ ಬೇಗಂ ಕೈ ಹಿಡಿದು ನೋಡಿದಳು.

“ಬೇಸಿನ್ ಹುಣ್ಣು ಬಿಡಮ್ಮ. ನಂಗೆ ಎಷ್ಟ್ ಸಲ ಬಂದು ಹೋಗಿದೆ! ಅರಿಶಿನ ಮೆತ್ತು, ತಣ್ಣೀರಲ್ಲಿ ಕೈ ಇಡು.”

ಮಾತ್ರೆ ಅಂಗಡಿಯವನು ಕೈ ನೋಡಿದವನೇ ಮುಲಾಮು ತೆಗೆದುಕೊಟ್ಟ. ಬಸ್‌ಸ್ಟ್ಯಾಂಡಿನ ಡಾಕ್ಟರು ತಲೆ ಎತ್ತಿಯೂ ನೋಡದೆ, “ನೂಲಿನ ಕೆಲಸಾನಾ?” ಎಂದು ಚೀಟಿ ಬರೆದರು. ಆ ಊರಿನಲ್ಲಿ ನೂಲು ತೆಗೆಯುವವಳ ಕೈಗೆ ಬೇರೆ ರೋಗ ಬರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ. ತಣ್ಣೀರಲ್ಲಿಡು ಎಂದಿದ್ದಳಲ್ಲ ದಿಲ್ಷಾದ್, ಬೋರ್ ನೀರಿಗಿಂತ ಫಿಲ್ಟರ್ ನೀರು ಚೊಕ್ಕಟವೆಂದು ಅವಳು ಹುಣ್ಣಾದ ಕೈಯನ್ನು ತೊಟ್ಟಿಯಲ್ಲೇ ಇಡುತ್ತಿದ್ದಳು.

ಮೂರು ತಿಂಗಳಿಗೆ ಗಂಟುಗಳು ಸಾಲುಗಟ್ಟಿ ಮಣಿಕಟ್ಟು ದಾಟಿದವು. ಬೆರಳು ಮಡಚಲು ಬಾರದು. ನೂಲು ಕಿತ್ತು ಕಿತ್ತು ಬರತೊಡಗಿತು. ನಯೀಮ್ ಬೈಯಲಿಲ್ಲ, ಅವಳ ನೂಲನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು. ಅದನ್ನು ಕಂಡ ದಿಲ್ಷಾದಳೇ ಅವಳನ್ನು ಚಿಕ್ಕಬಳ್ಳಾಪುರದ ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು: “ಮನೇಲಿ ಮೀನು ಸಾಕಿದ್ದೀರಾ?”

ಬೆರಳಿನಿಂದ ಚೂರು ಮಾಂಸ ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದಾಯಿತು. ಮೀನಿನ ತೊಟ್ಟಿಯ ನೀರಿನಲ್ಲಿರುವ ಒಂದು ಬಗೆಯ ಕ್ರಿಮಿ, ಬಿರಿದ ಚರ್ಮದಿಂದ ಒಳಗೆ ಹೋಗಿದೆ, ಆರು ತಿಂಗಳು ಮಾತ್ರೆ, ಕೈ ನೀರಿಗೆ ಸೋಕಬಾರದು ಎಂದರು.

“ಮೊದ್ಲೇ ಯಾಕಮ್ಮ ಬರ್ಲಿಲ್ಲ?”

“ಎಲ್ರೂ ಬೇಸಿನ್ ಹುಣ್ಣು ಅಂದ್ರು ಮೇಡಂ.”

ಸುದ್ದಿ ಕೇಳಿ ರಮೇಶ್‌ಬಾಬು ಬೆದರಿದ. ತನ್ನ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದುಕೊಂಡ. ತಿಂಗಳೊಪ್ಪತ್ತು ಅಡುಗೆ, ಪಾತ್ರೆ ಎಲ್ಲ ತಾನೇ ಮಾಡುತ್ತೇನೆಂದ. ನಾಲ್ಕು ದಿನ ಮಾಡಿದ. ಆಮೇಲೆ ಅವಳು ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಪಾತ್ರೆ ತೊಳೆದಳು.

“ತೊಟ್ಟಿ ತೆಗೆದ್ಬಿಡಣ ಕಣ್ರೀ,” ಎಂದಳು ಒಂದು ದಿನ.

“ಈಗ ತಾನೇ ಚೆನ್ನಾಗಿ ಹಬ್ಕೊಂಡಿದೆ ಕಣೇ. ತಪ್ಪು ತೊಟ್ಟೀದಲ್ವಲ್ಲ. ಬಿರಿದ ಕೈ ಹಾಕ್ಬಾರ್ದಿತ್ತು ಅಂತ ಡಾಕ್ಟ್ರೇ ಹೇಳವ್ರಲ್ಲ.”

ಡಾಕ್ಟರು ಹೇಳಿದ್ದು ನಿಜವೇ. ಬಿರಿಯದ ಕೈ ಅವಳಿಗೆ ಹದಿನಾಲ್ಕು ವರ್ಷದಿಂದ ಇರಲಿಲ್ಲ ಎಂಬುದನ್ನು ಡಾಕ್ಟರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಮುಂದಿನ ವಾರ ಅವನು ಮೊಣಕೈ ಮುಟ್ಟುವಂಥ ರಬ್ಬರ್ ಗ್ಲೌಸು ತಂದು, ಪ್ರೀತಿಯಿಂದಲೇ ಅವಳ ಕೈಗೆ ತೊಡಿಸಿ ಅಳತೆ ನೋಡಿದ.

ಆರು ತಿಂಗಳಿಗೆ ಗಂಟುಗಳು ಕರಗಿ ಕಪ್ಪು ಕಲೆಗಳಾದವು. ಮಾತ್ರೆ ಮುಗಿದ ಮರುದಿನವೇ ಅವಳು ಆರು ಗಂಟೆಗೆ ಘಟಕಕ್ಕೆ ಹೋದಳು. ಕಿಟಕಿ ಪಕ್ಕ ಮುದ್ದೇನಹಳ್ಳಿ ಕಡೆಯಿಂದ ಬಂದ ಶಾಂತಕುಮಾರಿ ಎಂಬ ಹುಡುಗಿ ಕೂತಿದ್ದಳು. ನಯೀಮ್ ಅವಳನ್ನು ಎಬ್ಬಿಸಿ, “ಕೂತ್ಕೊಳಿ ಜ್ಯೋತಕ್ಕಾ,” ಎಂದರು.

ಬೇಸಿನ್ನಿನಲ್ಲಿ ಗೂಡುಗಳು ತೇಲುತ್ತಿದ್ದವು. ಜ್ಯೋತಿಲಕ್ಷ್ಮಿ ಒಂದನ್ನು ಹಿಡಿದಳು. ತೋರುಬೆರಳು ನಡುವಿನ ಗೆಣ್ಣಿನಲ್ಲಿ ಮಡಚಲಿಲ್ಲ. ಪರೀಕ್ಷೆಗೆಂದು ಚೂರು ಕತ್ತರಿಸಿದ ಜಾಗದಿಂದ ಮುಂದಕ್ಕೆ ಬೆರಳ ತುದಿ ಮರದ ಚೂರಿನಂತಿತ್ತು. ನೀರು ಬಿಸಿಯೆಂಬುದು ಗೊತ್ತಾಯಿತು, ಎಳೆ ಗೊತ್ತಾಗಲಿಲ್ಲ. ನಡುಬೆರಳಿನಿಂದ ಹುಡುಕಿದಳು. ಒಂದು ಸಿಕ್ಕಿತು, ಕಿತ್ತುಹೋಯಿತು. ಇನ್ನೊಂದು ಗೂಡು ತೆಗೆದುಕೊಂಡಳು. ಅದರದೂ ಕಿತ್ತಿತು. ದಿಲ್ಷಾದ್ ತನ್ನ ಬೇಸಿನ್ನಿನಿಂದ ತಲೆ ಎತ್ತಲಿಲ್ಲ. ಶಾಂತಕುಮಾರಿ ಮಾತ್ರ ಹಿಂದೆ ನಿಂತು, ತಡೆಯಲಾರದೆ, “ಅಲ್ಲಿ ಅಕ್ಕಾ, ನಿಮ್ಮ ಹೆಬ್ಬೆಟ್ಟಿನ ಪಕ್ಕದಲ್ಲೇ ಇದೆ” ಎಂದಳು.

ಜ್ಯೋತಿಲಕ್ಷ್ಮಿ ಎದ್ದಳು.

“ಇನ್ನೊಂದ್ ತಿಂಗ್ಳು ಬಿಟ್ಟು ಬನ್ನಿ ಅಕ್ಕಾ,” ಎಂದರು ನಯೀಮ್. ಆ ತಿಂಗಳು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವಳು ಮನೆ ಸೇರಿದಾಗ ರಮೇಶ್‌ಬಾಬು ಮೀಟರ್ ಓದಲು ಹೊರಡುತ್ತಿದ್ದ. ಅಷ್ಟು ಬೇಗ ವಾಪಸು ಬಂದವಳನ್ನು ಒಮ್ಮೆ ನೋಡಿ, ತೊಟ್ಟಿಯ ಗಾಜಿಗೆ ಮುಖ ಹಚ್ಚಿ, ಮೂಲೆಯಲ್ಲಿ ಪಾಚಿ ಕಟ್ಟಿದೆ ಎಂದ.

“ಹೆಂಗೂ ಇನ್ಮೇಲೆ ಮನೇಲೇ ಇರ್ತೀಯಲ್ಲ, ವಾರಕ್ಕೆ ಎರಡ್ ಸಲ ನೀರು ಬದಲಾಯಿಸು. ಗ್ಲೌಸು ಮರೀಬೇಡಮ್ಮ ಮತ್ತೆ.”

ಬೇಸಿನ್ ಮುಂದೆ ಏನಾಯಿತೆಂದು ಅವನು ಕೇಳಲಿಲ್ಲ. ಕೇಳಿದರೆ ಹೇಳಬೇಕಾದ ಮಾತನ್ನು ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಬೈಕಿನ ಸದ್ದು ತಿರುವಿನಲ್ಲಿ ಕರಗಿತು. ಹೊತ್ತು ಇನ್ನೂ ಏಳೂವರೆ. ಅವಳು ಖಾಲಿ ಕ್ಯಾನನ್ನು ಎಡಗೈಯಲ್ಲಿ ಎತ್ತಿಕೊಂಡು ಮೂಲೆಯ ನೀರಿನ ಸಾಲಿನಲ್ಲಿ ಹೋಗಿ ನಿಂತಳು.