ಉಳಿಸಿದ ಮಾತ್ರೆ

ನನ್ನ ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಹೊಲಿಯುವವಳಿಗೆ ಬೀದಿಯೆಲ್ಲ ಇಟ್ಟ ಹೆಸರು ಉಳಿಕೆ ಅಕ್ಕ. ಅಂಗಿಯ ಬಟ್ಟೆಯಲ್ಲಿ ಚೂರು ಉಳಿದರೆ ಮಗುವಿನ ಟೊಪ್ಪಿ, ಟೊಪ್ಪಿಯಲ್ಲಿ ಉಳಿದರೆ ಜೇಬಿನ ಪಟ್ಟಿ. ನಾನು ಅಳೆದದ್ದು ಒಂದು ಬೆರಳು ಗಿಡ್ಡವಾದರೆ ಗಿರಾಕಿಗಳ ಎದುರಿಗೇ, "ಏನಣ್ಣಾ, ನಿಮ್ಮ ಮೀಟರಿಗೆ ಚಳಿಯಾ? ಮುದುಡ್ಕೊಂಡಿದೆ!" ಎನ್ನುವವಳು.

ಕೆಲವು ವರ್ಷಗಳ ಹಿಂದೆ ಪಕ್ಕದ ಮೆಷಿನ್ನಿಗೆ ಅವಳ ತಂಗಿ ಕೂರುತ್ತಿದ್ದಳು. ಕಕ್ಕಸು ಕೆಳಗೆ, ಎಲ್ಲ ಅಂಗಡಿಗೂ ಸೇರಿ ಒಂದೇ, ಚಿಲಕ ನೆಟ್ಟಗಿಲ್ಲ. ಹಾಗಾಗಿ ಇಬ್ಬರೂ ನೀರು ಕುಡಿಯುವುದನ್ನೇ ಬಿಟ್ಟು, ಬಂದದ್ದನ್ನು ತಡೆದು ಕೂರುತ್ತಿದ್ದರು. ಮೊದಲು ಅಕ್ಕನಿಗೆ ಉರಿಮೂತ್ರ ಶುರುವಾಯಿತು. ಡಾಕ್ಟರು ಆಂಟಿಬಯೋಟಿಕ್ ಬರೆದುಕೊಟ್ಟರು. ಉರಿ ನಿಂತದ್ದೇ ತಡ, ಅಕ್ಕ ಮಾತ್ರೆಯನ್ನೂ ನಿಲ್ಲಿಸಿ, ಉಳಿದದ್ದನ್ನು ಗುಂಡಿ ಡಬ್ಬಿಗೆ ಹಾಕಿದಳು. ಬಟ್ಟೆ ಉಳಿಸುವವಳು ಮಾತ್ರೆ ಬಿಟ್ಟಾಳೆಯೇ?

ಕೆಲವು ತಿಂಗಳ ಮೇಲೆ ತಂಗಿಗೂ ಉರಿ. ಅಕ್ಕ ಡಬ್ಬಿ ತೆರೆದಳು.

"ತಗೋ. ಡಾಕ್ಟರ ಬಾಗಿಲು ಕಾಯೋದು ತಪ್ತು. ಇಬ್ರದೂ ಒಂದೇ ರಕ್ತ, ಇಬ್ರಿಗೂ ಅದೇ ಮಾತ್ರೆ ಸಾಕು."

ತಂಗಿ ನಕ್ಕು ನುಂಗಿದಳು. ಉರಿ ಅಡಗಿತು, ಉಳಿದಿದ್ದ ನಾಲ್ಕಾರು ಮಾತ್ರೆಯೂ ಮುಗಿಯಿತು; ಸೋಂಕು ಮಾತ್ರ ಪೂರ್ತಿ ಹೋಗಿರಲಿಲ್ಲ. ಕೆಲವೇ ದಿನಕ್ಕೆ ಉರಿ ಜ್ವರವನ್ನೂ ಜೊತೆಗೆ ಕರೆದುಕೊಂಡು ಬಂತು. ನಡುಕ, ಪಕ್ಕೆಯಲ್ಲಿ ನೋವು. ಶಾಲೆಯ ಸಮವಸ್ತ್ರ ಹೊಲಿಯುವ ಕಾಲ; "ಕೂತೂ ಕೂತೂ ಸೊಂಟ ಹಿಡ್ದಿದೆ ಕಣೇ" ಎನ್ನುತ್ತ ತಂಗಿ ಹೊಲಿಯುತ್ತಲೇ ಇದ್ದಳು. ಆಸ್ಪತ್ರೆ ಸೇರುವ ಹೊತ್ತಿಗೆ ಸೋಂಕು ಮೂತ್ರಪಿಂಡ ದಾಟಿ ರಕ್ತಕ್ಕೆ ಹರಡಿತ್ತು. ಅವಳು ತಿರುಗಿ ಬರಲಿಲ್ಲ.

ಅಂದಿನಿಂದ ಖಾಲಿ ಮೆಷಿನ್ನಿನ ಪೆಡಲು ತುಳಿಯುವ ಸದ್ದು ಅಕ್ಕನಿಗೆ ಕೇಳಿಸುತ್ತಿತ್ತು. ದೆವ್ವಗಿವ್ವ ನಂಬುವವನಲ್ಲ ನಾನು; ದೆವ್ವ ಬಟ್ಟೆ ಕೊಳ್ಳುವುದಿಲ್ಲವಲ್ಲ. ಆದರೂ ಅವಳು ಕತ್ತರಿ ಕೆಳಗಿಟ್ಟು, "ನಿಲ್ಸೇ, ಎದ್ದು ಕೆಳಗೆ ಹೋಗಿ ಬಾರೇ" ಎಂದು ಖಾಲಿ ಕುರ್ಚಿಗೆ ಗದರುವುದನ್ನು ಮೆಟ್ಟಿಲಲ್ಲೇ ನಿಂತು ಕೇಳಿ, ಹೊತ್ತು ತಂದ ಬಟ್ಟೆಯ ಥಾನನ್ನು ಹೊತ್ತುಕೊಂಡೇ ಇಳಿದಿದ್ದೇನೆ.

ಈಗ ಆ ಮೆಷಿನ್ನಿಗೆ ತಂಗಿಯ ಮಗಳು ಬಂದಿದ್ದಾಳೆ. ತಾಯಿಯದೇ ಬೆನ್ನು, ತಾಯಿಯದೇ ಮೊಂಡುತನ. ಅಮ್ಮ ಜ್ವರದಲ್ಲಿ ಹೋದಳೆಂದಷ್ಟೇ ಅವಳಿಗೆ ಗೊತ್ತು. ಮಾತ್ರೆಯ ಸಂಗತಿಯನ್ನು ಅಕ್ಕ ನನಗೆ ಹೇಳಿದ್ದಾಳೆ, ಅವಳಿಗೆ ಹೇಳಿಲ್ಲ. ಮೊನ್ನೆ ಹುಡುಗಿ ಪದೇ ಪದೇ ಕೆಳಗೆ ಓಡಿ ಮುಖ ಕಿವುಚಿಕೊಂಡು ಬರುವುದನ್ನು ಕಂಡದ್ದೇ, ಅಕ್ಕ ರಟ್ಟೆ ಹಿಡಿದು ಡಾಕ್ಟರ ಮುಂದೆ ಕೂರಿಸಿದಳು. ಜ್ವರವಿಲ್ಲ, ಪಕ್ಕೆನೋವಿಲ್ಲ, ಬಸುರಿಯಲ್ಲ. ಸಾಮಾನ್ಯ ಸೋಂಕು, ಸ್ವಲ್ಪ ದಿನದ ಮಾತ್ರೆ ಸಾಕು, ಆದರೆ ಬರೆದಷ್ಟನ್ನೂ ಮುಗಿಸಬೇಕು ಎಂದರಂತೆ.

ನಿನ್ನೆ ದಾರ ಕೊಡಲು ಮೆಟ್ಟಿಲು ಹತ್ತಿದಾಗ ಹುಡುಗಿ ಹೇಳುತ್ತಿದ್ದಳು:

"ಉರಿ ಹೋಯ್ತು ದೊಡ್ಡಮ್ಮಾ. ಉಳಿದದ್ದು ಇರ್ಲಿ, ಮುಂದಕ್ಕಾಗುತ್ತೆ."

ಅಕ್ಕ ಕತ್ತರಿ ಕೆಳಗಿಟ್ಟಳು. "ಉಳಿಸ್ಬೇಡ. ನುಂಗು."

"ಅಯ್ಯೋ! ಕೇಳಿದ್ರಾ ಸಾವ್ಕಾರ್ರೇ? ಉಳಿಕೆ ಅಕ್ಕ ಉಳಿಸ್ಬೇಡ ಅಂತಾಳೆ!"

ನಾಲಿಗೆ ತುದಿಗೆ ಬಂದ ಹಾಸ್ಯವನ್ನು ಅಲ್ಲೇ ಕಚ್ಚಿ ಹಿಡಿದೆ. "ನುಂಗಮ್ಮಾ" ಎಂದೆ.

ನುಂಗಿದಳು.

"ಬಾಯಿ ತೆಗಿ. ನಾಲಿಗೆ ಎತ್ತು."

ನಾಲಿಗೆಯ ಅಡಿಯಲ್ಲಿ ಏನೂ ಇರಲಿಲ್ಲ. ಅಕ್ಕ ಮಾತ್ರ ಆ ಬಾಯೊಳಗೆ ನೋಡುತ್ತಲೇ ಇದ್ದಳು; "ದವಡೆ ನೋಯ್ತಿದೆ ದೊಡ್ಡಮ್ಮಾ" ಎಂದು ಹುಡುಗಿ ತೊದಲಿದರೂ ಗಲ್ಲ ಹಿಡಿದ ಕೈ ಬಿಡಲಿಲ್ಲ.