ಮೂಗು ಹಿಡಿದು ಕೆನ್ನೆಗೆ

ನನ್ನ ಎಡಗಿವಿ ಹೋದದ್ದು ಜ್ವರದಿಂದಲ್ಲ, ಇಂಗ್ಲಿಷ್ ವ್ಯಾಕರಣದಿಂದ. ಹೊಡೆದವಳು ಕುರುಗೋಡಿನ ವಿರೂಪಮ್ಮ. ಅವಳ ಮೇಲೆ ನನಗೆ ಸಿಟ್ಟಿದೆ, ಆದರೆ ಅದು ಕಿವಿಗಾಗಿ ಅಲ್ಲ.

೧೯೫೦ರಲ್ಲಿ ಸಿರುಗುಪ್ಪದ ಉಜ್ಜಿನಪ್ಪ ಮೇಷ್ಟ್ರು ತಮ್ಮ ಪಡಸಾಲೆಯಲ್ಲಿ ಎಸ್.ಎಸ್.ಎಲ್.ಸಿ.ಗೆ ಪಾಠ ಹೇಳುತ್ತಿದ್ದರು. ಹಳೇ ಪ್ರಶ್ನೆಪತ್ರಿಕೆಯ ತಪ್ಪು ವಾಕ್ಯಗಳನ್ನು ಬೋರ್ಡಿಗೆ ಬರೆದು, ತಪ್ಪೆಲ್ಲಿ ಎಂದು ಕೇಳುವರು. ತಪ್ಪು ಹಿಡಿದವರು ಹಿಡಿಯದವರ ಮೂಗನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಕೆನ್ನೆಗೆ ಬಾರಿಸಬೇಕು. ಈ ಪದ್ಧತಿ ಆಗ ಎಷ್ಟೋ ಕಡೆ ಇತ್ತು. ಮೇಷ್ಟ್ರು ಅದಕ್ಕೆ ತಮ್ಮದೊಂದು ಮಾತು ಸೇರಿಸಿದ್ದರು: "ಮೆತ್ತಗ ಹೊಡದ್ರ ನಿನಗ ಬೀಳತಾವ."

ಹದಿನಾಲ್ಕು ಹುಡುಗರ ನಡುವೆ ವಿರೂಪಮ್ಮ ಒಬ್ಬಳೇ ಹುಡುಗಿ, ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಪಾಸಾದರೆ ಟೀಚರ್ ಟ್ರೈನಿಂಗ್. ಇಲ್ಲದಿದ್ದರೆ ಸೋದರಮಾವ ದುರುಗಪ್ಪನೊಂದಿಗೆ ಮದುವೆ. ಅವನ ಮೊದಲ ಹೆಂಡತಿ ಏಟು ತಿಂದೇ ಸತ್ತಳೆಂದು ಕುರುಗೋಡಿಗೆಲ್ಲ ಗೊತ್ತಿತ್ತು.

ಅವಳು ಕಣ್ಣು ಹಾಯಿಸಿದರೆ ಸಾಕು, ತಪ್ಪು ಸಿಕ್ಕಿಬಿಡುತ್ತಿತ್ತು. ಮೊದಲ ದಿನ ನನ್ನ ಕೆನ್ನೆಯನ್ನು ಸವರಿದಂತೆ ಮಾಡಿದಳು. ಮೇಷ್ಟ್ರು ಅವಳ ಅಂಗೈ ಬಿರಿಯುವವರೆಗೂ ಬೆತ್ತದಿಂದ ಹೊಡೆದು, "ಈಗ ಹೊಡಿ," ಅಂದರು. ಅವಳು ಕಣ್ಣು ಮುಚ್ಚಿ ಬೀಸಿದಳು. ಏಟು ಕಿವಿಗೆ ಬಿತ್ತು. ಒಳಗೆ ಏನೋ ಟಪ್ ಎಂದಿತು, ರಕ್ತ ಕಾಲರಿಗಿಳಿಯಿತು.

ಮರುದಿನದಿಂದ ಅವಳು ಬಾಯಿ ಬಿಡಲಿಲ್ಲ. ಉತ್ತರ ಹೇಳಿದ ಹುಡುಗರೆಲ್ಲ ಅವಳಿಗೆ ಹೊಡೆದರು, ನನ್ನ ಕಿವಿಯ ಸೇಡನ್ನೂ ಸೇರಿಸಿ. ಎರಡು ತಿಂಗಳು ಅವಳ ಮುಖದ ಬಾವು ಇಳಿಯಲಿಲ್ಲ. ಒಂದು ದಿನ ನನಗೂ ಉತ್ತರ ಹೊಳೆಯಿತು. ನಾನೂ ಹೊಡೆದೆ, ಥೂ ನನ್ನ ಜನ್ಮಕ್ಕೆ!

"ಗೊತ್ತಿದ್ದೂ ಯಾಕ ಬಡಿಸ್ಕೊಳ್ತಿ? ಬಾಯಿ ಸತ್ತೈತೇನು?" ಎಂದು ಹೊರಗೆ ಬೈದೆ.

"ಗೊತ್ತೈತಿ ಅಂದ್ರ ಹೊಡೀಬೇಕಲ್ಲೋ, ಮೂಕಪ್ಪ," ಅಂದಳು.

ಬಳ್ಳಾರಿಗೆ ಪರೀಕ್ಷೆಗೆ ಕಳಿಸುವವರ ಪಟ್ಟಿ ಬರೆಯುವ ದಿನ ಬಂತು. ಮೇಷ್ಟ್ರು ಅವಳ ಹೆಸರು ಬಿಟ್ಟರು. "ಒಂದು ಉತ್ತರ ಹೇಳಂಗಿಲ್ಲ. ಹೋಗಿ ಮದಿವಿ ಮಾಡ್ಕೋ," ಎನ್ನುತ್ತ ಬೋರ್ಡಿನತ್ತ ತಿರುಗಿ, 'ಒನ್ ಆಫ್ ದಿ ಬಾಯ್ ಹ್ಯಾವ್ ಕಮ್' ಎಂಬುದನ್ನು ತಾವೇ ತಿದ್ದಿದರು. 'ಬಾಯ್' ಹೋಗಿ 'ಬಾಯ್ಸ್' ಆಯಿತು.

"ಇನ್ನೂ ತಪ್ಪೈತ್ರಿ, ಸಾರ್," ಎಂದಳು ವಿರೂಪಮ್ಮ. "ಹ್ಯಾವ್ ಅಲ್ರಿ, ಹ್ಯಾಸ್."

ಯಾವನೋ ಹಿಂದಿನಿಂದ "ಮೂಗು!" ಅಂದ. ಎಲ್ಲರೂ ನೆಲ ಬಡಿದು "ಮೂಗು! ಮೂಗು!" ಎಂದು ಕೂಗಿದೆವು. ಮೇಷ್ಟ್ರು ಬೆತ್ತ ಎತ್ತಿ ಮುಂದಿನವನ ಬೆನ್ನಿಗೆ ನಾಲ್ಕು ಬಿಗಿದರು. ಕೂಗು ನಿಲ್ಲಲಿಲ್ಲ. ಕೊನೆಗೆ ಕನ್ನಡಕ ತೆಗೆದಿಟ್ಟು ಮುಖ ಬಗ್ಗಿಸಿದರು.

"ಬಾ. ಹೊಡದ್ರ ಹೆಸರು ಬರೀತೀನಿ. ಮೆತ್ತಗ ಹೊಡದ್ರ ಇಲ್ಲ."

ಅವಳು ನನ್ನ ಕಿವಿ ನೋಡಿದಳು, ಬೋರ್ಡು ನೋಡಿದಳು. ಆಮೇಲೆ ಮೂಗು ಹಿಡಿದು ಬಾರಿಸಿದಳು. ಒಂದಲ್ಲ, ಮೂರು. ಮೇಷ್ಟ್ರ ತುಟಿ ಒಡೆಯಿತು. ಅವರು ಪಂಚೆಯ ತುದಿಯಿಂದ ಒರೆಸಿಕೊಂಡು ಅವಳ ಹೆಸರು ಬರೆದರು, ನಕ್ಕರು ಕೂಡ. ಆ ನಗು ನನಗಾಗ ಅರ್ಥವಾಗಲಿಲ್ಲ.

ಅವಳು ಪಾಸಾದಳು, ದುರುಗಪ್ಪನಿಂದ ಪಾರಾದಳು. ನಾನು ಫೇಲಾಗಿ ಹೊಲ ಸೇರಿದೆ.

೧೯೫೩ರಲ್ಲಿ ಎತ್ತು ನೋಡಲು ಕುರುಗೋಡಿಗೆ ಹೋದವನು, ಅವಳು ಪಾಠ ಹೇಳುವ ಸಾಲೆಗೆ ಹೊಕ್ಕೆ. ಬಾಗಿಲಲ್ಲಿ ನಿಂತಾಗ ಒಳಗೊಬ್ಬ ಸಣ್ಣ ಹುಡುಗಿ ತನ್ನ ಗೆಳತಿಯ ಮೂಗು ಹಿಡಿದು ಹೊಡೆಯಲಾರದೆ ನಿಂತಿದ್ದಳು.

"ಮೆತ್ತಗ ಹೊಡದ್ರ ನಿನಗ ಬೀಳತಾವ," ಎಂದಳು ವಿರೂಪಮ್ಮ. ಕೈಯಲ್ಲಿ ಬೆತ್ತವಿತ್ತು.

ಅಷ್ಟರಲ್ಲಿ ನನ್ನನ್ನು ಕಂಡಳು. ಅವಳ ಕೈ ತಾನಾಗಿ ತನ್ನ ಎಡಗಿವಿಗೆ ಹೋಯಿತು. "ಬ್ಯಾಡ," ಎಂದು ಬಾಯಿ ತೆರೆದಳು.

ಹುಡುಗಿ ಆಗಲೇ ಹೊಡೆದಾಗಿತ್ತು.