ಬೋರ್ಡಿನ ಮೇಲಿನ ಎರಡನೇ ತಪ್ಪು

ಗೆಳೆಯರೇ, ಇವತ್ತು ತೇರದಾಳದ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಇಂಗ್ಲಿಷ್ ವಾಕ್ಯದ ತಪ್ಪು ತಿದ್ದುವ ಪಾಠ. ಮಕ್ಕಳಿಗೆ ಹತ್ತಿರವಾಗಲಿ ಎಂದು ನಾನೇ ಒಂದು ವಾಕ್ಯ ಹೊಸೆದು ಬೋರ್ಡಿನ ಮೇಲೆ ಬರೆದೆ: ‘ಅವರ್ ಸರ್ ಕಮ್ ಟು ಸ್ಕೂಲ್ ಆನ್ ಟೈಮ್.’ ರಾಜಮತಿ ಎಂಬ ಹುಡುಗಿಯ ಕೈಗೆ ಚಾಕ್‌ಪೀಸ್ ಕೊಟ್ಟೆ. ಅವಳು ‘ಕಮ್’ ಅಳಿಸಿ ‘ಕಮ್ಸ್’ ಮಾಡಿದಳು. ಆಮೇಲೆ ‘ಆನ್ ಟೈಮ್’ ಅಳಿಸಿ ‘ಲೇಟ್’ ಎಂದು ಬರೆದಳು.

“ಒಂದ ತಪ್ಪ ಇತ್ತಲ್ಲವಾ, ಎರಡ್ಯಾಕ ತಿದ್ದಿದಿ?” ಎಂದೆ.

“ಎರಡ ಇದ್ದೂರಿ ಸರ್.”

ತರಗತಿ ನಕ್ಕಿತು. ನಗು ಕೇಳಿ ಹೆಡ್‌ಮಾಸ್ತರರು ಬಾಗಿಲಿಗೆ ಬಂದು ನಿಂತರು. ಬೋರ್ಡು ಓದಿದರು, ನನ್ನನ್ನು ನೋಡಿದರು. ನಾನು ಗಡಿಬಿಡಿಯಲ್ಲಿ ಮುಂದಿನ ಪಾಠಕ್ಕೆ, ಅಂದರೆ ವಾಕ್ಯ ಕೂಡಿಸುವುದಕ್ಕೆ ಹಾರಿದೆ. ‘ಸರ್ ವಾಸ್ ಲೇಟ್. ದ ಬಸ್ ವಾಸ್ ಲೇಟ್.’ ರಾಜಮತಿ ನಡುವೆ ‘ಆ್ಯಂಡ್’ ಹಾಕಿದಳು.

“‘ಬಿಕಾಸ್’ ಹಾಕವಾ. ಬಸ್ ತಡಾ ಆತು, ಅದಕ್ಕ ಸರ್ ತಡಾ ಆದ್ರು.”

“ಅದು ಹೊಂದೂದಿಲ್ರಿ ಸರ್. ಬನಹಟ್ಟಿಯಿಂದ ಅದ ಬಸ್ಸಿನ್ಯಾಗ ನಾನೂ ಬಂದೇನ್ರಿ. ಓಡಿ ಬಂದು ಪ್ರಾರ್ಥನಾಕ್ಕ ನಿಂತೆ. ನೀವು ಸ್ಟ್ಯಾಂಡಿನ್ಯಾಗ ಚಾ ಕುಡ್ಯಾಕ ನಿಂತ್ರಿ.”

ಹೆಡ್‌ಮಾಸ್ತರರು, “ಆ್ಯಂಡ್ ಬರೋಬ್ಬರಿ ಐತಿ ಬಿಡ್ರಿ,” ಎಂದಷ್ಟೇ ಹೇಳಿ ಹೋದರು.

ನಾಳೆಯಿಂದ ಪುಸ್ತಕದ ವಾಕ್ಯಗಳನ್ನೇ ಕೊಡುತ್ತೇನೆ. ಅದರಲ್ಲಿರುವ ಯಾರೂ ಬನಹಟ್ಟಿ ಬಸ್ಸಿಗೆ ಬರುವುದಿಲ್ಲ.